ಹಾಮನ ಶಾಪ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಲಾಮಗಿರಿಯ ಚರಿತ್ರೆ ಬಗ್ಗೆ ಎಲ್ಲೇ ಮಾತು ಬರಲಿ, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಕಪ್ಪು ಜನ ಗುಲಾಮರಾಗಬೇಕು ಅಂತ ಬೈಬಲ್‌ನಲ್ಲೇ ಇದೆಯಲ್ಲ." ಇನ್ನೊಬ್ಬರು ಅದು ಯೆಹೂದಿಗಳು ಕಟ್ಟಿದ ಕಥೆ ಅನ್ನುತ್ತಾರೆ. ಮೂರನೆಯವರು ಅರಬರ ಕಡೆ ಬೊಟ್ಟು ಮಾಡುತ್ತಾರೆ. ಸಾಮಾನ್ಯವಾಗಿ ಮೂವರೂ ಮೂಲ ಓದಿರುವುದಿಲ್ಲ. ಈ ವಿಷಯದಲ್ಲಿ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಏನಿದು ಹಾಮನ ಶಾಪ?

ಬೈಬಲ್‌ನ ಆದಿಕಾಂಡದ 9ನೇ ಅಧ್ಯಾಯದಲ್ಲಿ ಬರುವ ಕಥೆ. ಜಲಪ್ರಳಯ ಮುಗಿದಿದೆ. ನೋಹ ದ್ರಾಕ್ಷಿ ತೋಟ ಮಾಡುತ್ತಾನೆ. ದ್ರಾಕ್ಷಾರಸ ಕುಡಿದು ಅಮಲೇರಿ, ಗುಡಾರದೊಳಗೆ ಮೈಮೇಲೆ ಬಟ್ಟೆಯಿಲ್ಲದೆ ಬಿದ್ದುಕೊಳ್ಳುತ್ತಾನೆ. ಮಗ ಹಾಮ ಅದನ್ನು ನೋಡಿ, ಹೊರಗಿದ್ದ ಅಣ್ಣತಮ್ಮಂದಿರಿಗೆ ಹೇಳುತ್ತಾನೆ. ಶೇಮ್ ಮತ್ತು ಯೆಫೆತ್ ಒಂದು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಹಿಂದು ಹಿಂದಕ್ಕೆ ನಡೆದುಹೋಗಿ, ಮುಖ ಆಚೆ ಮಾಡಿಕೊಂಡೇ ಅಪ್ಪನಿಗೆ ಹೊದಿಸುತ್ತಾರೆ. ಅಮಲು ಇಳಿದ ಮೇಲೆ ನೋಹನಿಗೆ ವಿಷಯ ಗೊತ್ತಾಗುತ್ತದೆ. ಶಾಪ ಹಾಕುತ್ತಾನೆ. ಕಾನಾನ ತನ್ನ ಅಣ್ಣತಮ್ಮಂದಿರಿಗೆ ದಾಸಾನುದಾಸನಾಗಲಿ ಅನ್ನುವುದು ಆ ಶಾಪ.

ಕಥೆ ಇಷ್ಟೇ. ಮೈಬಣ್ಣದ ಮಾತು ಒಂದಕ್ಷರವೂ ಇಲ್ಲ.

ತಪ್ಪು ಮಾಡಿದ್ದು ಹಾಮ. ಶಾಪ ಕಾನಾನನಿಗೆ ಯಾಕೆ?

ಕಾನಾನ ಹಾಮನ ಮಗ. ಅಪ್ಪನ ತಪ್ಪಿಗೆ ಮಗನಿಗೆ ಶಿಕ್ಷೆ ಯಾಕೆ ಅಂತ ಹಿಂದಿನವರೂ ತಲೆ ಕೆರೆದುಕೊಂಡಿದ್ದಾರೆ. ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಕೊಟ್ಟ ಒಂದು ಉತ್ತರ ಹೀಗಿದೆ: ಅದೇ ಅಧ್ಯಾಯದ ಶುರುವಿನಲ್ಲಿ ದೇವರು ನೋಹನ ಮಕ್ಕಳನ್ನು ಆಶೀರ್ವದಿಸಿದ್ದಾನೆ. ಆಶೀರ್ವಾದ ಇರುವ ಕಡೆ ಶಾಪ ತಾಗುವುದಿಲ್ಲ. ಹಾಗಾಗಿ ಅದು ಮೊಮ್ಮಗನ ತಲೆಗೆ ಬಿತ್ತು. ಇತಿಹಾಸಕಾರರ ಉತ್ತರ ಇನ್ನೂ ಸರಳ. ಯೆಹೂದಿಗಳ ಪೂರ್ವಜರಾದ ಇಸ್ರಾಯೇಲರು ತಮ್ಮದೆಂದ ನಾಡು ಮೊದಲು ಕಾನಾನ್ಯರದು. ಅವರು ನಮಗೆ ಅಡಿಯಾಳಾಗಬೇಕಾದವರೇ ಅಂತ ಹೇಳುವ ಕಥೆ ಆಗ ಬೇಕಿತ್ತು.

ಮುಂದಿನ ಅಧ್ಯಾಯದಲ್ಲಿ ಹಾಮನಿಗೆ ನಾಲ್ಕು ಮಕ್ಕಳು: ಕೂಷ್, ಮಿಚ್ರಯಿಮ್, ಪೂಟ್, ಕಾನಾನ್. ಕೂಷ್ ಅಂದರೆ ಈಜಿಪ್ಟಿನ ದಕ್ಷಿಣದ ನಾಡು, ಇವತ್ತಿನ ಸುಡಾನ್ ಕಡೆ. ಮಿಚ್ರಯಿಮ್ ಅಂದರೆ ಈಜಿಪ್ಟ್. ಕಾನಾನ್ ಮಾತ್ರ ಆಫ್ರಿಕದಲ್ಲಿಲ್ಲ. ಅದು ಇವತ್ತಿನ ಇಸ್ರೇಲ್, ಪ್ಯಾಲೆಸ್ಟೈನ್, ಲೆಬನಾನ್ ಇರುವ ಜಾಗ. ಅಂದರೆ ನಾಲ್ವರಲ್ಲಿ ಶಾಪ ತಗುಲಿದ್ದು ಆಫ್ರಿಕಕ್ಕೆ ಸೇರದ ಒಬ್ಬನಿಗೆ! ಇಷ್ಟು ದೊಡ್ಡ ತೂತಿರುವ ವಾದ ಸಾವಿರ ವರ್ಷ ಹೇಗೆ ನಡೆಯಿತು ಅನ್ನುವುದೇ ನನಗೆ ಆಶ್ಚರ್ಯ.

ಹಾಗಾದರೆ ಬೈಬಲ್ ಕಪ್ಪು ಜನರ ಬಗ್ಗೆ ಏನು ಹೇಳುತ್ತದೆ?

ಕೂಷ್ಯರ ಮಾತು ಹಲವು ಕಡೆ ಬರುತ್ತದೆ. ದೂರದ ನಾಡಿನವರು, ಎತ್ತರದ ಆಳು, ಯುದ್ಧದಲ್ಲಿ ಗಟ್ಟಿಗರು ಅನ್ನುವ ಧಾಟಿಯಲ್ಲಿ. "ಕೂಷ್ಯನು ತನ್ನ ಚರ್ಮವನ್ನು ಬದಲಿಸಿಕೊಂಡಾನೇ, ಚಿರತೆ ತನ್ನ ಚುಕ್ಕೆಗಳನ್ನು ಬದಲಿಸೀತೇ" ಎಂಬ ಪ್ರವಾದಿ ಯೆರೆಮೀಯನ ಮಾತು ಪ್ರಸಿದ್ಧ. ಆದರೆ ಅಲ್ಲಿ ಬೈಗುಳ ಬೀಳುವುದು ತಿದ್ದಿಕೊಳ್ಳದ ಯೆಹೂದದ ಜನಕ್ಕೆ, ಕೂಷ್ಯರಿಗಲ್ಲ.

ಅದೇ ಯೆರೆಮೀಯನ ಪುಸ್ತಕದ 38ನೇ ಅಧ್ಯಾಯ ನನಗೆ ತುಂಬಾ ಇಷ್ಟ. ಪ್ರವಾದಿಯನ್ನು ಒಂದು ಬಾವಿಗೆ ಇಳಿಬಿಟ್ಟಿದ್ದಾರೆ. ನೀರಿಲ್ಲ, ಬರೀ ಕೆಸರು. ಅವನು ಹೂತುಹೋಗುತ್ತಿದ್ದಾನೆ. ಅರಮನೆಯಲ್ಲಿದ್ದ ಎಬೆದ್ಮೆಲೆಕ ಎಂಬ ಕೂಷ್ಯ ನೇರ ರಾಜನ ಹತ್ತಿರ ಹೋಗಿ, ಹೀಗೇ ಬಿಟ್ಟರೆ ಹಸಿವಿನಿಂದ ಸಾಯುತ್ತಾನೆ ಅನ್ನುತ್ತಾನೆ. ಅಪ್ಪಣೆ ಸಿಗುತ್ತದೆ. ಅವನು ಹಗ್ಗ ಮಾತ್ರ ತರುವುದಿಲ್ಲ. ಹಳೆಯ ಬಟ್ಟೆ, ಹರಕು ಚಿಂದಿಗಳನ್ನೂ ತಂದು ಇಳಿಬಿಡುತ್ತಾನೆ. "ಇವನ್ನು ಕಂಕುಳಲ್ಲಿ ಇಟ್ಟುಕೊಂಡು ಆಮೇಲೆ ಹಗ್ಗ ಹಾಕಿಕೋ" ಅನ್ನುತ್ತಾನೆ. ಹಗ್ಗ ಮೈ ಕೊಯ್ಯಬಾರದಲ್ಲ! ಅಷ್ಟು ಜನರ ಆಸ್ಥಾನದಲ್ಲಿ ಆ ಯೋಚನೆ ಬಂದಿದ್ದು ಈ ಪರದೇಶಿಗೆ.

ಬೈಬಲ್‌ನ ಅರಣ್ಯಕಾಂಡದ 12ನೇ ಅಧ್ಯಾಯವನ್ನೂ ನೋಡಿ. ಇಸ್ರಾಯೇಲರ ನಾಯಕ ಮೋಶೆ ಕೂಷ್ಯ ಹೆಂಡತಿಯನ್ನು ಮಾಡಿಕೊಂಡ ಅಂತ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಆಡಿಕೊಳ್ಳುತ್ತಾರೆ. ಮಿರ್ಯಾಮಳ ಮೈ ಹಿಮದ ಹಾಗೆ ಬೆಳ್ಳಗಾಗಿ ಚರ್ಮರೋಗ ಬರುತ್ತದೆ. ಇಲ್ಲಿ ಶಿಕ್ಷೆಯಾಗಿ ಬಂದ ಬಣ್ಣ ಬಿಳಿ.

"ನಾನು ಕಪ್ಪಾದರೂ ಚೆಲುವೆ" ಅಂತ ಪರಮಗೀತದಲ್ಲಿ ಇದೆಯಲ್ಲ?

"ಆದರೂ" ಅನ್ನುವುದರಲ್ಲೇ ಎಲ್ಲ ಇದೆ. ಹೀಬ್ರೂ ಮೂಲದಲ್ಲಿ ಇರುವುದು ಒಂದು ಸಣ್ಣ ಅಕ್ಷರ. ಅದನ್ನು "ಮತ್ತು" ಅಂತಲೂ ಓದಬಹುದು, "ಆದರೆ" ಅಂತಲೂ ಓದಬಹುದು. ಹಳೆಯ ಗ್ರೀಕ್ ಅನುವಾದ "ಕಪ್ಪು ಮತ್ತು ಚೆಲುವೆ" ಅಂದಿತು. ಲ್ಯಾಟಿನ್ ಬೈಬಲ್ "ಕಪ್ಪು, ಆದರೆ ಚೆಲುವೆ" ಅಂದಿತು. ಮುಂದೆ ಪಶ್ಚಿಮ ಯುರೋಪಿನ ಕಿವಿಗೆ ಬಿದ್ದದ್ದು ಲ್ಯಾಟಿನ್. ಮದುವೆಗೆ ಹೆಣ್ಣು ನೋಡಿ ಬಂದವರು "ಹುಡುಗಿ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ" ಅನ್ನುವುದನ್ನು ಕೇಳಿದವರಿಗೆ ಆ "ಆದರೆ" ಎಷ್ಟು ಭಾರ ಅಂತ ಬಿಡಿಸಿ ಹೇಳಬೇಕಿಲ್ಲ.

ದಾಸ, ಗುಲಾಮ: ಎರಡೂ ಒಂದೇನಾ?

ಕನ್ನಡದಲ್ಲಿ ಓದುವಾಗ ಇಲ್ಲಿ ಸ್ವಲ್ಪ ಎಚ್ಚರ ಬೇಕು. ನಮಗೆ ದಾಸ ಅಂದರೆ ಪುರಂದರದಾಸರು, ಕನಕದಾಸರು ನೆನಪಾಗುತ್ತಾರೆ. ಆ ಪದಕ್ಕೆ ಒಂದು ಗೌರವ ಇದೆ. ಕಾನಾನ "ದಾಸಾನುದಾಸ" ಆಗಲಿ ಅಂದಾಗ ಅದು ಬೈಗುಳ ಅಂತ ತಕ್ಷಣ ಅನ್ನಿಸುವುದೇ ಇಲ್ಲ.

ವಿಚಿತ್ರ ಅಂದರೆ ಯೆಹೂದಿ, ಕ್ರೈಸ್ತ, ಇಸ್ಲಾಂ ಮೂರೂ ಧರ್ಮಗಳ ಭಾಷೆಯಲ್ಲಿ ಇದೇ ಇಬ್ಬಗೆ ಇದೆ. ಹೀಬ್ರೂವಿನ "ಎವೆದ್" ಕೊಂಡು ತಂದ ಆಳಿಗೂ ಸಲ್ಲುತ್ತದೆ, ದೇವರ ಸೇವಕ ಮೋಶೆಗೂ ಸಲ್ಲುತ್ತದೆ. ಕ್ರೈಸ್ತ ಧರ್ಮದ ಆರಂಭದ ಪ್ರಚಾರಕ ಪೌಲ ಗ್ರೀಕಿನಲ್ಲಿ ತನ್ನನ್ನು ಕ್ರಿಸ್ತನ "ದೂಲೋಸ್" ಎಂದುಕೊಳ್ಳುತ್ತಾನೆ. ಸಂತೆಯಲ್ಲಿ ಮಾರುವ ಮನುಷ್ಯನಿಗೂ ಅದೇ ಪದ. ಅರಬಿಯ "ಅಬ್ದ್" ಅಬ್ದುಲ್ಲಾ ಎಂಬ ಹೆಸರಿನಲ್ಲಿದೆ, ಅಂದರೆ ಅಲ್ಲಾಹನ ದಾಸ. ನಿಧಾನವಾಗಿ ಅದೇ "ಅಬ್ದ್" ಆಡುಮಾತಿನಲ್ಲಿ ಕಪ್ಪು ಗುಲಾಮನಿಗೆ ಅಂಟಿಕೊಂಡಿತು. ಬಿಳಿಯ ಗುಲಾಮನಿಗೆ "ಮಮ್ಲೂಕ್" ಅಂತ ಬೇರೆ ಪದ ಬಂತು. ಕಾನೂನು ಮಾಡದ ಭೇದವನ್ನು ನಾಲಿಗೆ ಮಾಡಿತು. "ಗುಲಾಮ" ಕೂಡ ಅರಬಿಯಿಂದಲೇ ನಮಗೆ ಬಂದದ್ದು, ಮೂಲದಲ್ಲಿ ಹುಡುಗ ಅನ್ನುವ ಅರ್ಥ. ಈ ಬರಹದಲ್ಲಿ ನಾನು ಗುಲಾಮ ಅಂತಲೇ ಬರೆಯುತ್ತೇನೆ.

ಕಪ್ಪು ಬಣ್ಣದ ಕಥೆ ಕಟ್ಟಿದ್ದು ಯೆಹೂದಿ ರಬ್ಬಿಗಳೇ ಅಂತಾರೆ. ನಿಜವಾ?

ಅರ್ಧ ನಿಜ. ಆ ಅರ್ಧವನ್ನು ಹಿಡಿದುಕೊಂಡು ಯೆಹೂದಿಗಳ ಮೇಲೆ ಹರಿಹಾಯುವವರು ಜಾಸ್ತಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ರಬ್ಬಿಗಳ ಧರ್ಮಚರ್ಚೆಯ ದೊಡ್ಡ ಸಂಗ್ರಹವಾದ ಬ್ಯಾಬಿಲೋನಿನ ತಾಲ್ಮುದ್‌ನಲ್ಲಿ ಒಂದು ಕಥೆ ಇದೆ. ಜಲಪ್ರಳಯದಲ್ಲಿ ನೋಹನ ನಾವೆಯೊಳಗೆ ಗಂಡು ಹೆಣ್ಣು ಕೂಡಬಾರದು ಅಂತ ಕಟ್ಟಳೆ ಇತ್ತು. ಮೂವರು ಮುರಿದರು: ನಾಯಿ, ಕಾಗೆ, ಹಾಮ. ಮೂವರಿಗೂ ಒಂದೊಂದು ಶಿಕ್ಷೆ. ಹಾಮನಿಗೆ ಅದು "ಚರ್ಮದಲ್ಲಿ" ತಟ್ಟಿತು. ಅಂದರೆ ಕಪ್ಪಾದ ಅಂತ ವ್ಯಾಖ್ಯಾನ. ಕಾಗೆ ಯಾಕೆ ಕಪ್ಪು, ಅಳಿಲಿನ ಬೆನ್ನ ಮೇಲೆ ಯಾಕೆ ಮೂರು ಗೆರೆ ಅಂತ ನಮ್ಮಜ್ಜಿಯರು ಹೇಳುತ್ತಿದ್ದರಲ್ಲ, ಅದೇ ಜಾತಿಯ ಕಥೆ. ಕೆಡುಕು ಅದರಲ್ಲೂ ಇದೆ, ಯಾಕಂದರೆ ಕಪ್ಪನ್ನು ಶಿಕ್ಷೆ ಅಂದುಬಿಟ್ಟಿತು. ಆದರೆ ಗಮನಿಸಿ, ಈ ಕಥೆಯಲ್ಲಿ ಗುಲಾಮಗಿರಿ ಇಲ್ಲ. ಗುಲಾಮಗಿರಿ ಇರುವ ಕಥೆಯಲ್ಲಿ ಬಣ್ಣ ಇಲ್ಲ. ಎರಡು ಬೇರೆ ಬೇರೆ ದಾರಗಳು. ಗಂಟು ಹಾಕಿದ್ದು ಆಮೇಲೆ.

ರಬ್ಬಿಗಳು ತಮ್ಮ ಬಣ್ಣವನ್ನು ಹೇಗೆ ನೋಡಿಕೊಂಡರು ಅನ್ನುವುದಕ್ಕೆ ಅವರ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಶ್ನಾದಲ್ಲಿ ಒಂದು ಚೆಂದದ ಜಾಗ ಇದೆ. ಚರ್ಮದ ಮೇಲಿನ ಬಿಳಿ ಮಚ್ಚೆ ರೋಗವೋ ಅಲ್ಲವೋ ಅಂತ ಯಾಜಕ ನೋಡಿ ಹೇಳಬೇಕು. ಸಮಸ್ಯೆ ಏನೆಂದರೆ, ಹೊಳೆಯುವ ಮಚ್ಚೆ ಜರ್ಮನ್ ಮೈಮೇಲೆ ಮಂಕಾಗಿ ಕಾಣುತ್ತದೆ, ಮಂಕು ಮಚ್ಚೆ ಕೂಷ್ಯನ ಮೈಮೇಲೆ ಹೊಳೆಯುತ್ತದೆ. ಆಗ ರಬ್ಬಿ ಇಷ್ಮಾಯೇಲ್ ಹೇಳುತ್ತಾರೆ: ಇಸ್ರಾಯೇಲರು ಬಾಕ್ಸ್‌ವುಡ್ ಮರದ ಹಾಗೆ, ಕಪ್ಪೂ ಅಲ್ಲ ಬಿಳಿಯೂ ಅಲ್ಲ, ನಡುವೆ. ಸುಮಾರು ಏಳು ನೂರು ವರ್ಷದ ನಂತರ ಇಬ್ನ್ ಅಲ್-ಫಕೀಹ್ ಎಂಬ ಭೂಗೋಳಕಾರ ಇರಾಕಿನವರ ಬಗ್ಗೆ ಇದೇ ಮಾತನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಿದ: ಅರೆಬೆಂದ ಹಿಟ್ಟೂ ಅಲ್ಲ, ಸೀದ ರೊಟ್ಟಿಯೂ ಅಲ್ಲ, ಹದವಾಗಿ ಬೆಂದವರು. ಎಲ್ಲರಿಗೂ ತಮ್ಮ ಬಣ್ಣವೇ ಹದ. ಜರ್ಮನರೂ ಆಗ ಈ ತಕ್ಕಡಿಯಲ್ಲಿ ತೇರ್ಗಡೆಯಾಗಲಿಲ್ಲ.

ಆರಂಭದ ಕ್ರೈಸ್ತರು ಏನು ಹೇಳಿದರು?

ಬೇರೆ ಬೇರೆ ಜನ ಬೇರೆ ಬೇರೆ ಹೇಳಿದರು. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ಒಬ್ಬ ಅಧಿಕಾರಿ ಬರುತ್ತಾನೆ. ರಾಣಿಯ ಖಜಾನೆ ನೋಡಿಕೊಳ್ಳುವವನು. ರಥದಲ್ಲಿ ಕುಳಿತು ಯೆಶಾಯನ ಪುಸ್ತಕ ಓದುತ್ತಿರುತ್ತಾನೆ. ದೀಕ್ಷಾಸ್ನಾನ ಪಡೆದ ಮೊದಮೊದಲ ಅನ್ಯದೇಶೀಯರಲ್ಲಿ ಅವನೂ ಒಬ್ಬ.

ಇನ್ನೊಂದು ಕಡೆ, 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಕಪ್ಪು ಬಣ್ಣವನ್ನು ಪಾಪದ ಗುರುತು ಮಾಡಿದ. ಪಾಪಿ ಆತ್ಮ ಕಪ್ಪು, ಪಶ್ಚಾತ್ತಾಪಪಟ್ಟರೆ ಬಿಳಿ. ಇದು ರೂಪಕ, ನಿಜವಾದ ಜನರ ಮೇಲೆ ಹೇಳಿದ್ದಲ್ಲ ಅಂತ ಸಮರ್ಥಿಸುವವರಿದ್ದಾರೆ. ಆದರೆ ರೂಪಕ ರೂಪಕವಾಗಿಯೇ ಉಳಿಯುವುದಿಲ್ಲ. ಅದೇ ಒರಿಗೆನ್ ಇನ್ನೊಂದು ಪ್ರವಚನದಲ್ಲಿ ಹಾಮನ ವಂಶದ ಈಜಿಪ್ಟಿನವರು ಸುಲಭವಾಗಿ ಗುಲಾಮರಾಗುವ ಜನ ಅಂದು, ಅವರ ಬಣ್ಣವನ್ನೂ ಅದಕ್ಕೆ ಸೇರಿಸಿಬಿಟ್ಟ. ದಾರಗಳು ಹತ್ತಿರ ಬಂದದ್ದು ಇಂಥಲ್ಲಿ.

ಅದರ ಪೆಟ್ಟು ಹೇಗಿತ್ತು ಅನ್ನುವುದಕ್ಕೆ ಸನ್ಯಾಸಿ ಮೋಸೆಸನನ್ನು ನೋಡಬೇಕು. 4ನೇ ಶತಮಾನ, ಈಜಿಪ್ಟಿನ ಮರುಭೂಮಿ. ಒಮ್ಮೆ ದರೋಡೆಕೋರನಾಗಿದ್ದ ಇಥಿಯೋಪ್ಯದವನು, ಆಮೇಲೆ ದೊಡ್ಡ ಗುರು. ಅವನಿಗೆ ಬಿಳಿ ನಿಲುವಂಗಿ ತೊಡಿಸಿ ದೀಕ್ಷೆ ಕೊಟ್ಟ ಮೇಲೆ ಬಿಷಪ್ ಅನ್ನುತ್ತಾರೆ, "ಈಗ ಪೂರ್ತಿ ಬಿಳಿಯಾದೆ." ಅವನು ಕೇಳುತ್ತಾನೆ, "ಹೊರಗಾಯಿತು ಸ್ವಾಮಿ, ಒಳಗೂ ಆಗಿದ್ದೇನಾ?" ಆಮೇಲೆ ಅವನನ್ನು ಪರೀಕ್ಷಿಸಲು ಪೂಜಾಸ್ಥಳದಿಂದ ಬೈದು ಓಡಿಸುತ್ತಾರೆ. ಅವನು ಕೋಪ ಮಾಡಿಕೊಳ್ಳದೆ ತನ್ನ ಬೂದಿಬಣ್ಣದ ಮೈಗೆ ತಾನೇ ಹಳಿದುಕೊಳ್ಳುತ್ತಾನೆ. ಸಂತರ ಕಥೆಗಳಲ್ಲಿ ಇದನ್ನು ವಿನಯದ ಮಾದರಿ ಅಂತ ಹೇಳುತ್ತಾರೆ. ನನಗೆ ಪ್ರತಿ ಸಲ ಓದುವಾಗಲೂ ಸಂಕಟವಾಗುತ್ತದೆ.

5ನೇ ಶತಮಾನದ ಬಿಷಪ್ ಅಗಸ್ಟೀನ್ ನೋಹನ ಶಾಪವನ್ನೇ ಎತ್ತಿಕೊಂಡು ಗುಲಾಮಗಿರಿಗೆ ಕಾರಣ ಪಾಪ ಅಂದ. ಪ್ರಕೃತಿಯಿಂದ ಯಾರೂ ಗುಲಾಮರಲ್ಲ ಅಂತಲೂ ಹೇಳಿದ. ಬಣ್ಣದ ಸುದ್ದಿಗೇ ಹೋಗಲಿಲ್ಲ.

ಗುಲಾಮಗಿರಿಯೇ ತಪ್ಪು ಅಂತ ಯಾರೂ ಹೇಳಲಿಲ್ಲವಾ?

ಹೇಳಿದವರು ಬೆರಳೆಣಿಕೆಯಷ್ಟು. ಯೆಹೂದಿಗಳಲ್ಲಿ ಎಸ್ಸೀನರು ಎಂಬ ಪಂಥದವರು ಗುಲಾಮರನ್ನು ಇಟ್ಟುಕೊಳ್ಳುತ್ತಿರಲಿಲ್ಲ ಅಂತ ಯೆಹೂದಿ ಲೇಖಕರಾದ ಫಿಲೋ, ಜೋಸೆಫಸ್ ಇಬ್ಬರೂ ಬರೆದಿದ್ದಾರೆ. ಕ್ರೈಸ್ತರಲ್ಲಿ ನಿಸ್ಸಾದ ಗ್ರೆಗೊರಿ 4ನೇ ಶತಮಾನದಲ್ಲಿ ನೇರವಾಗಿ ಜಾಡಿಸಿದ. ಇವತ್ತಿನ ಟರ್ಕಿ ಇರುವ ಕಡೆಯವನು. ಗುಲಾಮರನ್ನು ಕೊಂಡೆ ಅನ್ನುವವನನ್ನು ಅವನು ಕೇಳುವುದು ವ್ಯಾಪಾರದ ಪ್ರಶ್ನೆ: ಎಷ್ಟು ಕಾಸು ಕೊಟ್ಟೆ? ದೇವರ ರೂಪಕ್ಕೆ ಎಷ್ಟು ಬೆಲೆ ಕಟ್ಟಿದೆ?

ಉಳಿದಂತೆ ಮೂರೂ ಧರ್ಮಗಳು ಗುಲಾಮಗಿರಿಯನ್ನು ಮಳೆ ಬಿಸಿಲಿನ ಹಾಗೆ ಇರುವಂಥದ್ದು ಅಂತ ಒಪ್ಪಿಕೊಂಡಿದ್ದವು. ಬೈಬಲ್‌ನ ವಿಮೋಚನಕಾಂಡದಲ್ಲಿ ಇಬ್ರಿಯ, ಅಂದರೆ ಇಸ್ರಾಯೇಲ, ಗುಲಾಮನಿಗೆ ಏಳನೆಯ ವರ್ಷ ಬಿಡುಗಡೆ. ಒಡೆಯ ಗುಲಾಮನ ಹಲ್ಲು ಉದುರಿಸಿದರೂ ಬಿಡುಗಡೆ. ಆದರೆ ಯಾಜಕಕಾಂಡ 25ರಲ್ಲಿ ಅನ್ಯಜನರ ಗುಲಾಮರನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು. ಪೌಲ ಒಂದು ಪತ್ರದಲ್ಲಿ ಕ್ರಿಸ್ತನಲ್ಲಿ ದಾಸನೂ ಇಲ್ಲ, ಸ್ವತಂತ್ರನೂ ಇಲ್ಲ ಅನ್ನುತ್ತಾನೆ. ಅವನ ಹೆಸರಿನಲ್ಲೇ ಇರುವ ಇನ್ನೊಂದು ಪತ್ರ, ದಾಸರೇ ಯಜಮಾನರ ಮಾತು ಕೇಳಿ ಅನ್ನುತ್ತದೆ. ಕುರಾನ್ ಗುಲಾಮರನ್ನು ಬಿಡಿಸುವುದನ್ನು ಪುಣ್ಯ ಅನ್ನುತ್ತದೆ, ಕೆಲವು ತಪ್ಪುಗಳಿಗೆ ಪ್ರಾಯಶ್ಚಿತ್ತವಾಗಿ ಅದನ್ನೇ ವಿಧಿಸುತ್ತದೆ, ದುಡಿದು ಹಣ ಕಟ್ಟಿ ಬಿಡುಗಡೆ ಪಡೆಯುವ ಕರಾರಿಗೂ ದಾರಿ ಕೊಡುತ್ತದೆ. ಪದ್ಧತಿಯನ್ನು ಮಾತ್ರ ತೆಗೆದುಹಾಕಲಿಲ್ಲ.

"ನಮ್ಮ ಧರ್ಮದ ಗುಲಾಮಗಿರಿ ಮೃದುವಾಗಿತ್ತು" ಎಂಬ ವಾದ ಮೂರೂ ಕಡೆಯಿಂದ ಬರುತ್ತದೆ. ಮಾರಾಟಕ್ಕೆ ನಿಂತವನನ್ನು ಕೇಳಿ ನೋಡಬೇಕಿತ್ತು.

ಇಸ್ಲಾಮಿನಲ್ಲಿ ಹಾಮನ ಶಾಪ ಇದೆಯಾ?

ಕುರಾನಿನಲ್ಲಿ ಇಲ್ಲ. ನೂಹ್, ಅಂದರೆ ನೋಹ, ಪ್ರವಾದಿಯ ಕಥೆ ಇದೆ. ಮಾತು ಕೇಳದ ಒಬ್ಬ ಮಗ ಬೆಟ್ಟ ಹತ್ತುತ್ತೇನೆ ಅಂತ ಹೋಗಿ ಮುಳುಗುತ್ತಾನೆ. ಅಮಲು, ಗುಡಾರ, ಶಾಪ ಯಾವುದೂ ಇಲ್ಲ. ಬದಲಿಗೆ 30ನೇ ಸೂರಾ (ಅಧ್ಯಾಯ) ಭಾಷೆ ಮತ್ತು ಬಣ್ಣಗಳ ಭೇದ ದೇವರ ಕುರುಹು ಅನ್ನುತ್ತದೆ.

ಬಿಲಾಲರ ಕಥೆ ಎಲ್ಲರಿಗೂ ಗೊತ್ತು. ಮೆಕ್ಕಾದಲ್ಲಿ ಇಥಿಯೋಪ್ಯ ಮೂಲದ ಗುಲಾಮ. ಒಡೆಯ ಕಾದ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದರೂ "ಅಹದ್, ಅಹದ್", ಅಂದರೆ ದೇವರು ಒಬ್ಬನೇ, ಅನ್ನುತ್ತಿದ್ದರು. ಪ್ರವಾದಿ ಮುಹಮ್ಮದರ ಒಡನಾಡಿ ಅಬೂಬಕರ್ ಕೊಂಡು ಬಿಡಿಸಿದರು. ಮೊದಲ ಅಜಾನ್ ಕೂಗಿದ ದನಿ ಅವರದು.

ಹಾಮನ ಕಥೆ ಹಿಂಬಾಗಿಲಿನಿಂದ ಬಂತು. ಯೆಹೂದಿ, ಕ್ರೈಸ್ತ ಕಥೆಗಳನ್ನು ಚೆನ್ನಾಗಿ ಬಲ್ಲ ಯೆಮನಿನ ವಹಬ್ ಇಬ್ನ್ ಮುನಬ್ಬಿಹ್ 8ನೇ ಶತಮಾನದ ಶುರುವಿನವನು. ಹಾಮ ಬೆಳ್ಳಗೆ ಚೆಲುವನಾಗಿದ್ದ, ಅಪ್ಪನ ಶಾಪದಿಂದ ಅವನ ಬಣ್ಣವೂ ಅವನ ಮಕ್ಕಳ ಬಣ್ಣವೂ ಬದಲಾಯಿತು ಎಂಬ ಮಾತು ಅವನ ಹೆಸರಿನಲ್ಲಿದೆ. ಈಗ ಬಣ್ಣವೂ ಶಾಪವೂ ಒಂದೇ ಗಂಟಿನಲ್ಲಿ ಬಿದ್ದವು.

ಅದನ್ನು ಮುಸ್ಲಿಂ ವಿದ್ವಾಂಸರು ಒಪ್ಪಿದರಾ?

ಹಲವರು ಒಪ್ಪಿದರು, ಕೆಲವರು ಚೆನ್ನಾಗಿ ತಿರುಗಿಬಿದ್ದರು. ಇರಾಕಿನ ಬಸ್ರಾದ ಲೇಖಕ ಅಲ್-ಜಾಹಿಜ್ 9ನೇ ಶತಮಾನದಲ್ಲಿ ಬಿಳಿಯರಿಗಿಂತ ಕಪ್ಪು ಜನ ಯಾವುದರಲ್ಲಿ ಮೇಲು ಅಂತಲೇ ಒಂದು ಬರಹ ಬರೆದ. ಬಣ್ಣ ಶಿಕ್ಷೆ ಅಲ್ಲ, ನೆಲ ನೀರಿನ ಗುಣ ಅನ್ನುವುದು ಅವನ ವಾದ. ಉದಾಹರಣೆಗೆ ಹೇನನ್ನು ತರುತ್ತಾನೆ! ಹುಡುಗನ ತಲೆಯ ಹೇನು ಕಪ್ಪು, ಕೂದಲು ನರೆತರೆ ಹೇನೂ ಬಿಳಿ, ಬಣ್ಣ ಹಚ್ಚಿದರೆ ಕೆಂಪು. ಅರೇಬಿಯದ ಕಪ್ಪು ಕಲ್ಲಿನ ನಾಡಿನಲ್ಲಿ ಜನರೂ ಕಪ್ಪು, ಪ್ರಾಣಿಗಳೂ ಕಪ್ಪು. ವಿಜ್ಞಾನ ಸರಿಯಿಲ್ಲದಿರಬಹುದು, ಕಣ್ಣು ಮಾತ್ರ ಚುರುಕು.

ಚರಿತ್ರಕಾರ ಇಬ್ನ್ ಖಲ್ದೂನ್ 1377ರಲ್ಲಿ, ಪ್ರಕೃತಿ ತಿಳಿಯದ ವಂಶಾವಳಿಕಾರರು ಹಾಮನ ಕಥೆ ಹೇಳುತ್ತಾರೆ, ಯೆಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಬಣ್ಣದ ಮಾತೇ ಇಲ್ಲ, ಬಣ್ಣಕ್ಕೆ ಕಾರಣ ಬಿಸಿಲು ಅಂತ ಖಡಾಖಂಡಿತ ಬರೆದ. ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದೇ ಪುಸ್ತಕದಲ್ಲಿ ಕಪ್ಪು ಜನ ಮೂಕಪ್ರಾಣಿಗಳಿಗೆ ಹತ್ತಿರ, ಅದಕ್ಕೇ ಗುಲಾಮಗಿರಿಗೆ ಬಗ್ಗುತ್ತಾರೆ ಅಂತಲೂ ಬರೆದಿದ್ದಾನೆ. ಶಾಪವನ್ನು ತಳ್ಳಿಹಾಕಿದ, ತಾತ್ಸಾರವನ್ನು ಇಟ್ಟುಕೊಂಡ. ಅವನ ಮೊದಲ ಮಾತನ್ನು ಮಾತ್ರ ಎತ್ತಿ ಹೇಳುವವರನ್ನು ಕಂಡರೆ ಎರಡನೆಯದನ್ನೂ ಓದಿಸಿ.

ಪುಸ್ತಕದಲ್ಲಿಲ್ಲದ ಗಂಟು ಬಿದ್ದದ್ದು ಯಾಕೆ?

ಮಾರುಕಟ್ಟೆಯಿಂದ. ರೋಮ್ ಸಾಮ್ರಾಜ್ಯದಲ್ಲಿ ಗುಲಾಮ ಯಾವ ಬಣ್ಣದವನೂ ಆಗಿರಬಹುದಿತ್ತು. ಇಂಗ್ಲಿಷಿನ "ಸ್ಲೇವ್" ಪದ ಬಂದಿರುವುದೇ ಪೂರ್ವ ಯುರೋಪಿನ ಸ್ಲಾವ್ ಜನರ ಹೆಸರಿನಿಂದ. 7ನೇ ಶತಮಾನದ ನಂತರ ಅರಬರ ರಾಜ್ಯ ಬೆಳೆದಂತೆ ಆಫ್ರಿಕದಿಂದ ಬರುವ ಗುಲಾಮರು ಹೆಚ್ಚಿದರು. ಬಸ್ರಾದ ಹತ್ತಿರದ ಉಪ್ಪುನೆಲದಲ್ಲಿ ಉಪ್ಪಿನ ಪದರ ಕೆರೆದು ರಾಶಿ ಹಾಕುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. 869ರಲ್ಲಿ ಅವರು ದಂಗೆ ಎದ್ದರು. ಜಂಜ್ ದಂಗೆ ಅಂತ ಹೆಸರು. ಅಡಗಿಸಲು ಖಲೀಫರಿಗೆ 14 ವರ್ಷ ಹಿಡಿಯಿತು. ಕಣ್ಣೆದುರು ಗುಲಾಮ ಅಂದರೆ ಕಪ್ಪು ಅಂತ ಆದಾಗ, ಹೌದಲ್ಲ, ಅದಕ್ಕೊಂದು ಶಾಪ ಇತ್ತಲ್ಲ ಅಂತ ನೆನಪಾಗುತ್ತದೆ.

ಪೋರ್ಚುಗೀಸರ ವಿಷಯದಲ್ಲೂ ಹೀಗೇ. 1444ರಲ್ಲಿ ಪೋರ್ಚುಗಲ್‌ನ ಲಾಗೋಸ್ ಬಂದರಿನಲ್ಲಿ 235 ಜನರನ್ನು ಇಳಿಸಿ ಹಂಚಿಕೊಂಡರು. ಅದನ್ನು ಬರೆದ ಆಸ್ಥಾನದ ಚರಿತ್ರಕಾರ ಜುರಾರಾ ನೋಹನ ಶಾಪವನ್ನು ಎತ್ತುತ್ತಾನೆ. ಮಗನ ಹೆಸರನ್ನು ಮಾತ್ರ ಕಾಯಿನ ಅಂದುಬಿಟ್ಟ! ತಮ್ಮನನ್ನು ಕೊಂದ ಕಾಯಿನ ಜಲಪ್ರಳಯಕ್ಕಿಂತ ಎಷ್ಟೋ ತಲೆಮಾರು ಹಿಂದಿನವನು. ಪುಸ್ತಕ ತೆರೆದು ನೋಡಿದ ಲಕ್ಷಣ ಇದಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಮಾಡಿದ ಭಾಷಣದಲ್ಲೂ "ಕಾನಾನನ ಮೇಲಿನ ಶಾಪ" ಬರುತ್ತದೆ.

ಆಫ್ರಿಕದವರು ಇದಕ್ಕೆ ಏನೂ ಹೇಳಲಿಲ್ಲವಾ?

ಪಶ್ಚಿಮ ಆಫ್ರಿಕದ ಟಿಂಬಕ್ಟುವಿನ ಅಹ್ಮದ್ ಬಾಬಾ ಹೇಳಿದ. ದೊಡ್ಡ ಪಂಡಿತ. 1591ರಲ್ಲಿ ಮೊರೊಕೊ ಸೈನ್ಯ ಆ ನಾಡನ್ನು ಗೆದ್ದ ಮೇಲೆ ಅವನನ್ನೇ ಸರಪಳಿ ಹಾಕಿ ಮರ್ರಕೇಶಿಗೆ ಒಯ್ದಿದ್ದರು. ಊರಿಗೆ ಮರಳಿದ ಮೇಲೆ, ಸಹರಾದ ಒಂದು ಓಯಸಿಸಿನಿಂದ ಅವನಿಗೆ ಪ್ರಶ್ನೆ ಬಂತು: ಕಪ್ಪು ನಾಡುಗಳಿಂದ ಬರುವ ಗುಲಾಮರನ್ನು ಕೊಳ್ಳಬಹುದಾ, ಹಾಮನ ಶಾಪದ ಮಾತು ನಿಜವಾ? 1615ರಲ್ಲಿ ಉತ್ತರ ಬರೆದ. ಬಣ್ಣಕ್ಕೂ ಗುಲಾಮಗಿರಿಗೂ ಸಂಬಂಧ ಇಲ್ಲ, ಮುಸ್ಲಿಮನಾದ ಯಾವ ಬಣ್ಣದವನನ್ನೂ ಗುಲಾಮ ಮಾಡುವಂತಿಲ್ಲ ಅಂದ. ಮುಸ್ಲಿಮರಲ್ಲದವರನ್ನು ಮಾಡಬಹುದು ಅಂತಲೂ ಅಂದ. ಅಷ್ಟರಮಟ್ಟಿಗೆ ಅವನೂ ತನ್ನ ಕಾಲದವನೇ.

ನಮಗೂ ಹಾಮನಿಗೂ ಏನಾದರೂ ಸಂಬಂಧ ಇದೆಯಾ?

ಈ ಪ್ರಶ್ನೆಯನ್ನು ತಮಾಷೆಗೆ ಕೇಳುತ್ತಾರೆ. ಉತ್ತರ ಇದೆ! ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಫೆರಿಶ್ತಾ ಪಾರ್ಸಿಯಲ್ಲಿ ಚರಿತ್ರೆ ಬರೆದ. ಅದರಲ್ಲಿ ಹಾಮನ ಮಗ ಹಿಂದ್. ಹಬ್ಶ್ ಕೂಡ ಹಾಮನ ಮಗನೇ. ಹಿಂದ್‌ನ ಮಗ ದಖನ್. ದಖನ್‌ಗೆ ಮೂವರು ಮಕ್ಕಳು: ಮರಹಟ್, ಕನ್ಹರ್, ತಿಲಂಗ್. ಅಂದರೆ ಮರಾಠಿ, ಕನ್ನಡ, ತೆಲುಗು. ಈ ಲೆಕ್ಕದಲ್ಲಿ ಕನ್ನಡಿಗರು ಹಾಮನ ಮರಿಮಗನ ವಂಶ, ಹಬ್ಶ್‌ನ ವಂಶದ ಹಬಶಿಗಳು, ಅಂದರೆ ಇಥಿಯೋಪ್ಯ ಕಡೆಯವರು, ನಮ್ಮ ದಾಯಾದಿಗಳು.

ಆ ದಾಯಾದಿಗಳು ಆಗ ಬಿಜಾಪುರದಲ್ಲೇ ಇದ್ದರು. ಮಲಿಕ್ ಅಂಬರ್ ಇಥಿಯೋಪ್ಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ದಖನ್ನಿಗೆ ಬಂದವನು. ಕೆಲಕಾಲ ಬಿಜಾಪುರದ ಚಾಕರಿಯಲ್ಲೂ ಇದ್ದ. 1626ರಲ್ಲಿ ಸಾಯುವಾಗ ಅಹ್ಮದ್‌ನಗರದ ಆಡಳಿತವೇ ಅವನ ಕೈಯಲ್ಲಿತ್ತು. ಇಖ್ಲಾಸ್ ಖಾನ್ ಬಿಜಾಪುರದ ಮಂತ್ರಿಯಾದ. ಅವನ ಚಿತ್ರಗಳು ಇಂದಿಗೂ ಉಳಿದಿವೆ.

ಮೆರೆದವರ ಹೆಸರು ಉಳಿಯಿತು. ಗೋವಾದಲ್ಲಿ ಪೋರ್ಚುಗೀಸರ ಮನೆಗಳಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಹೆಸರು ಎಲ್ಲೂ ಇಲ್ಲ. ಅಂಥವರ ಮೊಮ್ಮಕ್ಕಳೇ ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿಗಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. "ಸಿದ್ದಿ" ಎಂಬ ಹೆಸರು ಅರಬಿಯ "ಸೈಯಿದಿ"ಯಿಂದ ಬಂದದ್ದು ಅಂತ ಹೇಳುತ್ತಾರೆ. ಅದರ ಅರ್ಥ "ನನ್ನ ಒಡೆಯ".